ಮರಳಿನೊಳಗಿನ ಪೊಟ್ಟಣ

ಸ್ಪೀಕರಿನ ತಳದಿಂದ ಮತ್ತೆ ಗರಗರ ಸದ್ದು ಬಂತು. ಭವ್ಯಾ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದಳು.

"ಮರಳು ತುಂಬಿದ ಸ್ಟ್ಯಾಂಡು ಹೆಂಗೆ ಅದುರ್ತೈತೆ?" ಗಂಡ ಸಿದ್ದೇಶ್ ಅದಕ್ಕೆ ಕಿವಿ ಹಚ್ಚಿ ಕೂತಿದ್ದ. "ಒಳಗೇನೋ ಸೇರ್ಕಂಡೈತೆ. ಬಿಚ್ಚಿ ನೋಡ್ತೀನಿ."

"ಈಗ ಬ್ಯಾಡ್ರೀ! ಮೊದ್ಲು ಊಟ ಮಾಡ್ರಿ."

ಸಿದ್ದೇಶನಿಗೆ ಹಾಡೆಂದರೆ ಪ್ರಾಣ. ಸ್ಪೀಕರಿನ ನಡುಕ ನೆಲಕ್ಕಿಳಿದು ದನಿ ಕೆಡಬಾರದೆಂದು ಕಬ್ಬಿಣದ ಟೊಳ್ಳು ಸ್ಟ್ಯಾಂಡುಗಳಿಗೆ ಹರಿಹರದ ಹೊಳೆಯ ಮರಳನ್ನು ಜರಡಿ ಹಿಡಿದು, ಒಣಗಿಸಿ ತುಂಬಿದ್ದ. ಅವನ ಈ ಹುಚ್ಚಿನ ಕಥೆಯನ್ನು ಭವ್ಯಾ ತಾನು ಕೆಲಸ ಮಾಡುವ ದಾವಣಗೆರೆಯ ಆಭರಣದಂಗಡಿಯಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದಳು. ಕೌಂಟರಿನಲ್ಲಿ ಅವಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ.

ಅಂಗಡಿಯ ಮಾಲೀಕ ಕೆಂಚವೀರಪ್ಪನೂ ಕೇಳಿಸಿಕೊಂಡಿದ್ದ. ಯಂತ್ರದಲ್ಲಿ ಬೆಳೆಸಿದ ಅಗ್ಗದ ವಜ್ರ ಬಂದಾಗಿನಿಂದ ಅವನ ಹರಳುಗಳನ್ನು ಮೂಸಿ ನೋಡುವವರಿರಲಿಲ್ಲ. ಕೆಲವು ತಿಂಗಳ ಹಿಂದೆ ಒಂದು ಸಂಜೆ ಅವಳನ್ನು ಒಳಗೆ ಕರೆದು ಪೊಟ್ಟಣವೊಂದನ್ನು ಕೈಗಿಟ್ಟ.

"ವ್ಯಾಪಾರಸ್ಥರೆಲ್ಲ ಸೇರಿ ಮಾಲು ಬಚ್ಚಿಡ್ತಿದೀವಿ, ತಂಗೀ. ವಜ್ರ ಸಿಗದಂಗಾದ್ರೆ ರೇಟು ತಾನೇ ಏರ್ತೈತೆ. ಇದನ್ನ ನಿನ್ ಗಂಡನ ಮರಳಾಗೆ ಹುಗಿದಿಡು. ಅವಂಗೂ ಹೇಳಬ್ಯಾಡ."

ಅವಳು ಪೊಟ್ಟಣವನ್ನು ಸ್ಟ್ಯಾಂಡಿನ ಮರಳಿನಲ್ಲಿ ಹುಗಿದಿಟ್ಟಳು, ಗಂಡನಿಗೆ ಹೇಳಲಿಲ್ಲ. ಪಕ್ಕದ ಮನೆಯ ಸುನೀತಕ್ಕನಿಗೆ ಮಾತ್ರ ಹೇಳಿದಳು. ಆಕೆ ಮಗಳ ಮದುವೆಗೆ ವಜ್ರದ ಓಲೆ ನೋಡುತ್ತಿದ್ದಳು. ತಡಮಾಡಿದರೆ ದುಬಾರಿ ಬೆಲೆ ತೆತ್ತಾಳೆಂಬ ಕಳಕಳಿ ಭವ್ಯಾಳಿಗೆ. ಸುನೀತಕ್ಕ ತನ್ನ ಬಳೆ ಮಾರಿ ಓಲೆ ಕೊಂಡಳು. ಹಿಂದೆಯೇ ಅವಳ ಬೀಗರು ಬಂದರು, ಬೀಗರ ನೆಂಟರು ಬಂದರು. ನೋಡನೋಡುತ್ತ ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲದಂತಾಯಿತು. ಬೆಲೆ ಏರುತ್ತಲೇ ಹೋಯಿತು.

ಸ್ಟ್ಯಾಂಡು ಸದ್ದು ಮಾಡಿದ ಆ ದಿನ, ಊಟದ ನಂತರ ಅವಳು ಅಂಗಳದಲ್ಲಿ ಬಟ್ಟೆ ಒಣಹಾಕಿ ಒಳಗೆ ಬರುವಷ್ಟರಲ್ಲಿ ಸಿದ್ದೇಶ್ ಮರಳನ್ನೆಲ್ಲ ಹಳೇ ಸೀರೆಯ ಮೇಲೆ ಸುರುವಿದ್ದ. ಪೊಟ್ಟಣ ಸವೆದು ಹರಿದಿತ್ತು. ಅದುರಿ ಅದುರಿ, ಮರಳಿಗೆ ಉಜ್ಜಿ, ಹರಳುಗಳ ಮೈಯೆಲ್ಲ ಗೀರು ಬಿದ್ದು ಮಸುಕಾಗಿತ್ತು. ವಜ್ರಕ್ಕೆ ಮರಳಿನ ಗೀರು ಬೀಳುವುದಿಲ್ಲ. ಅಷ್ಟು ಅವಳಿಗೆ ಗೊತ್ತಿತ್ತು.

"ಅಸಲೀವು ಎಲ್ರಿ? ಯಾರಿಗೆ ಮಾರಿದ್ರಿ?"

"ಏನ್ ಅಸಲಿ? ಇವು ಇಲ್ಲಿಗೆ ಹೆಂಗೆ ಬಂದ್ವು?"

"ನಾಟಕ ಬ್ಯಾಡ್ರಿ. ಈ ಸ್ಟ್ಯಾಂಡು ಮುಟ್ಟೋರು ನೀವೊಬ್ರೇ."

ಸಿದ್ದೇಶ್ ಅವಳನ್ನೇ ದಿಟ್ಟಿಸಿದ. "ನಾನು ಕಳ್ಳ ಅಂತೀಯಾ?" ಎಂದವನು ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದ.

ಭವ್ಯಾ ಹರಳುಗಳನ್ನು ಸೆರಗಿಗೆ ಕಟ್ಟಿಕೊಂಡು ದಾವಣಗೆರೆಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕೂತಲ್ಲಿ ಕೂರಲಾಗಲಿಲ್ಲ. ಕೆಂಚವೀರಪ್ಪನ ಮೇಜಿನ ಮೇಲೆ ಗಂಟು ಬಿಚ್ಚಿ ಗಳಗಳನೆ ಅತ್ತಳು.

"ಮನೆಯವ್ರು ಬುದ್ಧಿಗೆಟ್ಟು ಬದಲಾಯಿಸ್ಯಾರೆ, ಸಾವ್ಕಾರ್ರೆ. ಪೊಲೀಸಿಗೆ ಮಾತ್ರ ಕೊಡಬ್ಯಾಡ್ರಿ. ಜೀವಮಾನ ದುಡಿದು ತೀರಿಸ್ತೀನಿ."

ಅವನು ಎದ್ದು ಬಾಗಿಲು ಮುಂದೆ ಮಾಡಿದ. ಹೊರಗೆ ಗಿರಾಕಿಗಳ ಗದ್ದಲ ಕಡಿಮೆಯಾಯಿತು.

"ನಿನ್ ಗಂಡ ಏನೂ ಮಾಡಿಲ್ಲ. ನಾ ಕೊಟ್ಟಿದ್ದೇ ಗಾಜು."

"ಮತ್ತೆ ಬಚ್ಚಿಡು ಅಂದಿದ್ದು ಯಾಕ್ರಿ?"

"ಬಚ್ಚಿಡಾಕೆ ನಂಗೆ ತಿಜೋರಿ ಐತೆ, ತಂಗೀ. ನಿನ್ ಕೈಗೆ ಕೊಟ್ಟಿದ್ದು ಊರಿಗೆಲ್ಲ ಗೊತ್ತಾಗ್ಲಿ ಅಂತ."