ಕೆಂಪು ಕಾರಿನ ಪೂಜೆ

ಮೂರು ತಿಂಗಳು ಕೂತು ಜೋಡಿಸಿ ಕೆಂಪು ಬಣ್ಣ ಬಳಿದ ಅಂಗೈಯಗಲದ ಸ್ಪೋರ್ಟ್ಸ್ ಕಾರನ್ನು ಪುರಂದರ ಮಾದರಿ ಕಾರುಗಳ ಸ್ಪರ್ಧೆಗೆ ಒಯ್ಯಲು ಹೊರಟಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಹೊಸ ಗಾಡಿ ಕಣೋ, ಪೂಜೆ ಆಗ್ದೆ ಹೊಸ್ತಿಲು ದಾಟೋ ಹಾಗಿಲ್ಲ. ಚಕ್ರಕ್ಕೆ ನಿಂಬೆಹಣ್ಣಿಡ್ತೀನಿ, ತಾಳು.”

“ಅಮ್ಮಾ, ನಿನ್ನ ನಿಂಬೆಹಣ್ಣೇ ಕಾರಿಗಿಂತ ಎತ್ತರ ಇದೆ!”

ಅಮ್ಮ ಹಣ್ಣು ಕೊಯ್ದು, ನಾಲ್ಕು ಬೀಜ ತೆಗೆದು ಚಕ್ರಗಳಡಿ ಇಟ್ಟಳು. ಅವನು ಗೊಣಗುತ್ತಲೇ ಕಾರನ್ನು ಒಂದಿಂಚು ಉರುಳಿಸಿ ಓಡಿದ.

ತೀರ್ಪುಗಾರರ ಭೂತಗನ್ನಡಿ ಅವನ ಕಾರಿನ ಹಿಂದಿನ ಚಕ್ರದ ಮೇಲೆ ನಿಂತುಬಿಟ್ಟಿತು. “ಏನ್ರೀ ಇದು, ಅಂಟಿಕೊಂಡಿರೋದು?”

“ನಿಂಬೆಬೀಜ ಸಾರ್. ಅಮ್ಮ ಪೂಜೆ ಮಾಡಿದ್ಲು,” ಎಂದ, ಬಹುಮಾನದ ಆಸೆ ಬಿಟ್ಟು.

“ಕಾರನ್ನ ಎಲ್ರೂ ಚಿಕ್ಕ ಅಳತೆಗೆ ಸರಿಯಾಗಿ ಇಳಿಸಿದ್ದಾರೆ,” ಎಂದರು ತೀರ್ಪುಗಾರರು. “ನಿಂಬೆಹಣ್ಣನ್ನೂ ಆ ಅಳತೆಗೆ ಇಳಿಸಿದ್ದು ನಿಮ್ಮಮ್ಮ ಒಬ್ರೇ. ಮೊದಲ ಬಹುಮಾನ ತಗೊಳ್ಳೋಕೆ ಅವರನ್ನ ಕರ್ಕೊಂಡ್ಬನ್ನಿ.”