ಎಡಗಡೆ ಕಂಬ

ಅರಳಸುರಳಿಯ ತಿರುವಿನಲ್ಲಿ ಮುಂದೆ ಹೋಗುತ್ತಿದ್ದ ಟಿಪ್ಪರ್ ಒಮ್ಮೆ ಕುಲುಕಿತು. ಹಿಡಿಯಷ್ಟು ಜಲ್ಲಿ ಹಾರಿ ಮೇಘನಾಳ ಕಾರಿನ ಬಾನೆಟ್ಟಿನ ಮೇಲೆ ಟಪಟಪ ಬಿತ್ತು. ಟಿಪ್ಪರಿನವನಿಗೆ ಅದು ಗೊತ್ತೂ ಆಗಲಿಲ್ಲ. ಅವಳು ಕಾರು ನಿಲ್ಲಿಸಿ ಇಳಿದು ನೋಡಿದಳು. ನಾಲ್ಕು ತಿಂಗಳ ಹಿಂದಷ್ಟೇ ಕೊಂಡ ಬಿಳಿ ಕಾರು. ಮೂರು ಕಡೆ ಬಣ್ಣ ಎದ್ದು ತಗಡು ಕಾಣುತ್ತಿತ್ತು. ಒಂದೊಂದೂ ತೊಗರಿಬೇಳೆಯಷ್ಟು, ಅವಳ ಕಣ್ಣಿಗೆ ಮಾತ್ರ ರೊಟ್ಟಿಯಷ್ಟು.

ಅದಕ್ಕೆ ಕಾರಣವಿತ್ತು. ತೀರ್ಥಹಳ್ಳಿಯಿಂದ ಅರಳಸುರಳಿಯ ಶಾಲೆಗೆ ಎರಡು ವರ್ಷ ಬಸ್ಸಿನಲ್ಲಿ ನೇತಾಡಿ ಸಾಕಾಗಿ ಅವಳು ಗಂಡನ ಹತ್ತಿರ ಕಾರಿನ ಕೀ ಕೇಳಿದ್ದಳು. ಕಾರು ಹಗಲಿಡೀ ಪೂರ್ಣೇಶನ ಹಾರ್ಡ್‌ವೇರ್ ಅಂಗಡಿಯ ಪಕ್ಕ ನೆರಳಿನಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಆದರೂ ಕೀ ಅವನ ಅಂಗಿ ಜೇಬು ಬಿಟ್ಟು ಕದಲಿದ್ದಿಲ್ಲ. ಕೊನೆಗೆ ಮಹಾ ಉದಾರಿಯ ಹಾಗೆ, "ಒಂದು ವಾರ ಓಡ್ಸಿ ನೋಡು. ಒಂದೇ ಒಂದು ಗೀರು ಬಿದ್ರೂ ಮತ್ತೆ ಬಸ್ಸೇ. ನನ್ನ ಕೈಲಿ ನಾಕು ತಿಂಗಳಾಯ್ತು, ಒಂದು ಕಲೆ ಉಂಟಾ?" ಎಂದಿದ್ದ. ಜಲ್ಲಿ ಬಿದ್ದದ್ದು ಶುಕ್ರವಾರ. ವಾರ ಮುಗಿಯಲು ಒಂದೇ ದಿನ ಬಾಕಿ ಇತ್ತು.

ಸಂಜೆ ಮನೆಗೆ ಬಂದವಳೇ ಕಾರಿಗೆ ಕವರ್ ಹೊದಿಸಿದಳು. ಹೆಂಡತಿಯ ಕಾಳಜಿ ಕಂಡು ಪೂರ್ಣೇಶನಿಗೆ ಸಂತೋಷವೇ ಆಯಿತು. ಮರುದಿನ ಅವನು ಅಂಗಡಿ ಸಾಮಾನಿಗೆಂದು ಶಿವಮೊಗ್ಗದ ಬಸ್ಸು ಹತ್ತಿದ. ಇವಳು ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ನೇರವಾಗಿ ಊರಾಚೆ ಇದ್ದ ಪೇಂಟರ್ ಮಾಸ್ತಪ್ಪನ ಶೆಡ್ಡಿಗೆ ಕಾರು ತಂದಳು.

"ಸಂಜೆಯೊಳಗೆ ಗೊತ್ತಾಗದ ಹಾಗೆ ಮಾಡಿ ಕೊಡಿ ಮಾಸ್ತಪ್ಪ."

"ಯಾರಿಗೆ ಗೊತ್ತಾಗದ ಹಾಗೆ ಟೀಚರೇ?"

ಮೇಘನಾ ಬಾನೆಟ್ಟಿನ ಕಡೆ ಕೈ ತೋರಿಸಿದಳು. ಮಾಸ್ತಪ್ಪ ಮತ್ತೆ ಕೇಳಲಿಲ್ಲ. ಯಾವ ಗಾಡಿ ಬಂದರೂ ದೇವಸ್ಥಾನಕ್ಕೆ ಬಂದವರ ಹಾಗೆ ಅದಕ್ಕೊಂದು ಸುತ್ತು ಬಂದೇ ಕೆಲಸಕ್ಕೆ ಕೈ ಹಾಕುವುದು ಅವನ ಕ್ರಮ. ಬಾನೆಟ್ಟಿನ ಮೇಲೆ ಉಗುರಾಡಿಸಿದ. "ಇದು ದೊಡ್ಡ ಕೆಲ್ಸ ಅಲ್ಲ. ಆದ್ರೆ ಹಾಗೇ ಬಿಟ್ರೆ ನಮ್ಮ ಮಳೆಗೆ ತುಕ್ಕು ಹಿಡೀತದೆ" ಎನ್ನುತ್ತ ಮುಂದೆ ನಡೆದವನು ಎಡಗಡೆ ಬಾಗಿಲಿನ ಹತ್ತಿರ ನಿಂತುಬಿಟ್ಟ. ಬಾಗಿಲಿನ ತಳದಲ್ಲಿ ಒಂದು ಗೇಣುದ್ದದ ಸ್ಟಿಕ್ಕರ್ ಇತ್ತು: 'ಸಿಗಂದೂರು ದೇವಿಯ ಕಾವಲಿದೆ.'

"ಇದನ್ನ ಹಚ್ಚಿದ್ದು ಯಾರು?"

"ನಮ್ಮನೆಯವ್ರು. ಮೊದ್ಲು ದೇವರು ಅಂದ್ರೆ ಅಷ್ಟಕ್ಕಷ್ಟೇ. ಕಾರು ಬಂದ ಮೇಲೆ ಭಕ್ತಿ ಬಂತು."

"ಎಲ್ರೂ ಗಾಜಿಗೆ ಹಚ್ತಾರೆ ಟೀಚರೇ, ನಾಕು ಜನಕ್ಕೆ ಕಾಣ್ಲಿ ಅಂತ. ಕಾಲಿನ ಹತ್ರ ದೇವರನ್ನ ಯಾರೂ ಕೂರ್ಸಲ್ಲ." ಮಾಸ್ತಪ್ಪ ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಮೀಟಿದ. "ಇದರಡಿ ಎಂತದೋ ಉಂಟು. ನೀರು ಕೂತಿದೆ. ತೆಗೀಲಾ?"

ಅವಳು ಹೂಂ ಎಂದಳು. ಅವನು ಬಿಸಿನೀರಿನ ಬಟ್ಟೆ ಒತ್ತಿ, ಹರಿಯದ ಹಾಗೆ ನಿಧಾನಕ್ಕೆ ಬಿಡಿಸಿ, ಕಣ್ಣಿಗೊತ್ತಿಕೊಂಡು ಅವಳ ಕೈಗೆ ಕೊಟ್ಟ. ಕೆಳಗೆ ಗೇಣುದ್ದದ ತರಚು. ಅಂಚಿನಲ್ಲಿ ಆಗಲೇ ತುಕ್ಕು. ತರಚಿನ ಒಳಗಿನಿಂದ ಮಾಸ್ತಪ್ಪ ಕೆಂಪು ಪುಡಿ ಕೆರೆದು ಬೆರಳ ತುದಿಯಲ್ಲಿ ಹಿಡಿದು ತೋರಿಸಿದ.

"ಜಂಬಿಟ್ಟಿಗೆ ಕಲ್ಲಿನ ಪುಡಿ. ಯಾವ್ದೋ ಕಂಬಕ್ಕೆ ಉಜ್ಜಿದ್ದು."

ಯಾವ ಕಂಬ ಎಂದು ಮೇಘನಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ತಿಂಗಳ ಹಿಂದೊಂದು ಭಾನುವಾರ ಪೂರ್ಣೇಶ ತಾನಾಗಿಯೇ ಮನೆಯ ಗೇಟಿನ ಜಂಬಿಟ್ಟಿಗೆ ಕಂಬಕ್ಕೆ ಕೆಮ್ಮಣ್ಣು ಬಳಿದಿದ್ದ. ಅದೂ ಎಡಗಡೆಯದಕ್ಕೆ ಮಾತ್ರ. ಎಂದೂ ಇಲ್ಲದ್ದು ಮನೆಕೆಲಸಕ್ಕೆ ಕೈ ಹಾಕಿದನಲ್ಲ ಎಂದು ಅವಳು ಅವತ್ತು ಕಡುಬು ಮಾಡಿ ಬಡಿಸಿದ್ದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ತೊಟ್ಟಿಕ್ಕುವ ಕೊಡೆ ಹಿಡಿದು ಒಂಟಿ ಕಾಲಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ನಿಂತ ಬೆಳಗುಗಳೆಲ್ಲ ನೆನಪಾದವು. ಆಮೇಲೆ, ಅಂಗಡಿ ಅಂಗಡಿ ಅಲೆದು ಗೇಣುದ್ದದ ಸ್ಟಿಕ್ಕರನ್ನೇ ಹುಡುಕುತ್ತಿರುವ ಗಂಡನನ್ನು ನೆನೆದು ನಗು ಬಂತು. ನಿನ್ನೆ ಸಂಜೆ ತಾನು ಹೊದಿಸಿದ ಕವರೂ ನೆನಪಾಗಿ ಆ ನಗು ಅರ್ಧಕ್ಕೇ ನಿಂತಿತು.

"ಎರಡೂ ಸರಿ ಮಾಡಿ ಮಾಸ್ತಪ್ಪ" ಎಂದಳು. "ಗೊತ್ತಾದ್ರೂ ಅಡ್ಡಿಲ್ಲ."

ಕತ್ತಲಾಗುವ ಮೊದಲೇ ಪೂರ್ಣೇಶ ಮನೆಗೆ ಬಂದ. ಅವನು ಚಪ್ಪಲಿ ಬಿಡುವಷ್ಟರಲ್ಲೇ ಮೇಘನಾ ಹೇಳಿಬಿಟ್ಟಳು: "ನಿನ್ನೆ ಟಿಪ್ಪರ್‌ನಿಂದ ಜಲ್ಲಿ ಹಾರಿ ಬಾನೆಟ್ ಬಣ್ಣ ಹೋಗಿತ್ತು. ಇವತ್ತು ಮಾಸ್ತಪ್ಪನ ಹತ್ರ ಸರಿ ಮಾಡಿಸ್ದೆ."

"ನಾ ಹೇಳಿರ್ಲಿಲ್ವಾ?" ಪೂರ್ಣೇಶನ ಮುಖ ಅರಳಿತು. "ಟಿಪ್ಪರ್ ಹಿಂದೆ ಅಂಟ್ಕೊಂಡು ಹೋಗ್ಬಾರ್ದು ಮಾರಾಯ್ತಿ. ಗಾಡಿ ಅಂದ್ರೆ ಕೈಯಲ್ಲಿ ಹಿಡಿತ ಬೇಕು. ಆಯ್ತು, ಸೋಮವಾರದಿಂದ ಬಸ್ಸು. ಕೊಡು ಕೀ."

ಅವಳು ಅವನ ಅಂಗೈಯಲ್ಲಿ ಕೀ ಇಟ್ಟಳು. ಅದರ ಮೇಲೆ ಸ್ಟಿಕ್ಕರನ್ನೂ ಇಟ್ಟಳು. "ಇದರಡಿ ತುಕ್ಕು ಹಿಡೀತಿತ್ತು" ಎಂದು ಮಾತ್ರ ಹೇಳಿ ಕಾಫಿಗೆ ಹಾಲಿಡಲು ಒಳಗೆ ಹೋದಳು.

ಅಡುಗೆಮನೆಯ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಪೂರ್ಣೇಶ ಕಾರಿನ ಎಡಗಡೆ ಕುಕ್ಕರಗಾಲಿನಲ್ಲಿ ಕೂತು ಬಾಗಿಲಿನ ತಳವನ್ನು ಅಂಗೈಯಿಂದ ಸವರಿದ. ಗೀರು ಇದ್ದ ಜಾಗ ಅವನಿಗೇ ಸಿಗಲಿಲ್ಲ. ಎದ್ದು ಗೇಟಿನ ಕಡೆ ನೋಡಿದ.

ಒಳಗೆ ಬಂದವನು, ಅವಳ ಶಾಲೆಯ ಚೀಲ ನೇತಾಡುತ್ತಿದ್ದ ಮೊಳೆಗೇ ಕಾರಿನ ಕೀಯನ್ನೂ ಸಿಕ್ಕಿಸಿದ. ಕಾಫಿ ಲೋಟ ಎತ್ತಿಕೊಂಡು, ಅವಳ ಮುಖ ನೋಡದೆ ಹೇಳಿದ:

"ಸೋಮವಾರ ಕಾರು ತೆಗೆಯುವಾಗ ಗೇಟಿನ ಎಡಗಡೆ ಕಂಬ ನೋಡ್ಕೋ. ಅದು ಸ್ವಲ್ಪ ಈಚೆ ಬಂದಿದೆ."