ಒಡೆಯದ ಸೀಲ್

ಬೆಳಿಗ್ಗೆ ಹನ್ನೊಂದು ಗಂಟೆ. ಸಂಶೋಧನಾ ಮಾರ್ಗದರ್ಶಕರಿಗೆ ಕಡ್ಡಾಯವಾಗಿದ್ದ ಪ್ರಾಮಾಣಿಕತೆಯ ಆನ್‌ಲೈನ್ ಕೋರ್ಸಿನಲ್ಲಿ ಡಾ. ಬಳಿಗಾರರಿಗೆ ಒಂದೇ ಕೆಲಸ ಉಳಿದಿತ್ತು. ತಮ್ಮ ವಿದ್ಯಾರ್ಥಿ ಪರೀಕ್ಷಿಸಿದ ಒಂದು ಮಾದರಿಯನ್ನು ತಾವೇ ಮತ್ತೆ ಪರೀಕ್ಷಿಸಿ, ಫಲಿತಾಂಶ ತಾಳೆಯಾಯಿತೇ ಎಂದು ತಿಳಿಸಬೇಕಿತ್ತು.

ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಅನ್ನು ಕುಡಿಯುವ ನೀರಿನಿಂದ ಇಳಿಸಲು ಅವರು ರೂಪಿಸಿದ ಫಿಲ್ಟರ್ ಹಾಕಿದ್ದ ಶಾಲೆಯೊಂದರ ನೀರಿನ ಬಾಟಲಿಯನ್ನು ಅವರ ಪಿಎಚ್‌ಡಿ ವಿದ್ಯಾರ್ಥಿನಿ ಭಾಗೀರಥಿ ಫ್ರಿಜ್ಜಿನಿಂದ ತಂದಿಟ್ಟಳು. ಅದರ ಸೀಲ್ ಒಡೆದಿರಲಿಲ್ಲ.

“ಇದನ್ನ ಟೆಸ್ಟ್ ಮಾಡೇ ಇಲ್ಲೇನವಾ? ಫ್ಲೋರೈಡ್ ಇಳದೈತಿ ಅಂತ ಬರದೀಯಲ್ಲ?”

“ಮೊದಲಿನ ಬಾಟ್ಲಿಗಳೊಳಗ ಇಳದಿಲ್ಲ ಅಂತ ತೋರಿಸಿದ್ನಿರಿ ಸರ. ‘ಇಳಿಯೋಹಂಗ ಮಾಡಿಕೊಂಡು ಬಾ, ಇಲ್ಲಂದ್ರ ಪಿಎಚ್‌ಡಿ ಮರತುಬಿಡು’ ಅಂದ್ರಿ. ಮಾಡಿಕೊಂಡು ಬಂದ್ನಿ.”

ಬಳಿಗಾರರು ತಲೆ ತಗ್ಗಿಸಿದರು.

“ಶಾಲಿ ಹುಡುಗೂರು ಅದನ್ನ ಕುಡಿಯಾಕತ್ತಾರ್ರಿ ಸರ.”

“ತಪ್ಪು ನಂದವಾ. ನೀ ಹೆದರಬ್ಯಾಡ, ಇದ್ದದ್ದನ್ನ ನಾನss ಬರೀತೀನಿ.”

ಅವಳು ಕಣ್ಣೊರೆಸಿಕೊಂಡು ಹೋದಳು.

ಅವರು ಎದ್ದು ಬಾಗಿಲು ಹಾಕಿದರು. ನಂತರ ಸೀಲ್ ಒಡೆದು ನೀರನ್ನು ಸಿಂಕಿಗೆ ಸುರಿದರು. ಕಂಪ್ಯೂಟರಿನ ಮುಂದೆ ಬಂದು ‘ತಾಳೆಯಾಯಿತು’ ಎಂಬುದನ್ನು ಒತ್ತಿದರು.

ಪ್ರಮಾಣಪತ್ರ ಕೂಡಲೇ ಬಂತು.